ದುಡ್ಡಿಲ್ಲ, ಹಾಗಾದರೆ ಯೋಚಿಸೋಣ!

ಪರಮಾಣುವಿನ ಒಳಗುಟ್ಟನ್ನು ಬಯಲಿಗೆ ತಂದ ಅರ್ನೆಸ್ಟ್ ರುದರ್‌ಫೋರ್ಡ್ ಅವರ ಮಾತುಗಳು ಮತ್ತು ಮನೋಧರ್ಮ

“ನಮ್ಮಲ್ಲಿ ಹಣವಿಲ್ಲ, ಆದ್ದರಿಂದ ನಾವು ಯೋಚಿಸಲೇಬೇಕು.”

ಇಪ್ಪತ್ತನೆಯ ಶತಮಾನದ ಪ್ರಯೋಗಶೀಲ ಭೌತವಿಜ್ಞಾನಿಗಳಲ್ಲಿ ಅಗ್ರಗಣ್ಯರೆನಿಸಿದ ಅರ್ನೆಸ್ಟ್ ರುದರ್‌ಫೋರ್ಡ್ ಆಡುತ್ತಿದ್ದರೆಂದು ಹೇಳಲಾಗುವ ಮಾತಿದು. ಹಣವಿಲ್ಲದಿದ್ದರೆ ಕೈಕಟ್ಟಿ ಕೂರುವುದು ಲೋಕರೂಢಿ. ಉಪಕರಣವಿಲ್ಲ, ಅನುದಾನ ಬಂದಿಲ್ಲ, ಒಳ್ಳೆಯ ಕಾಲೇಜಿನಲ್ಲಿ ಸೀಟು ಸಿಗಲಿಲ್ಲ – ನೆಪಗಳಿಗೇನು ಬರವೇ? ರುದರ್‌ಫೋರ್ಡ್ ಈ ನೆಪವನ್ನೇ ತಿರುವಿ ಹಾಕಿದರು. ಕೈಯಲ್ಲಿ ಕಾಸಿಲ್ಲದಾಗ ತಲೆಯನ್ನು ಖರ್ಚು ಮಾಡಬೇಕು ಎಂದರು.

ರುದರ್‌ಫೋರ್ಡ್ ಎತ್ತರದ ಆಳು, ದನಿಯೂ ದೊಡ್ಡದು. ಆ ದನಿಗೆ ಸೂಕ್ಷ್ಮ ಉಪಕರಣಗಳೂ ಅದುರುತ್ತವೆ ಎಂದು ಶಿಷ್ಯರು ತಮಾಷೆ ಮಾಡುತ್ತಿದ್ದರು. ‘ದಯವಿಟ್ಟು ಮೆಲ್ಲಗೆ ಮಾತಾಡಿ’ ಎಂಬ ಫಲಕದ ಕೆಳಗೆ ಅವರು ನಿಂತಿರುವ ಛಾಯಾಚಿತ್ರ ಇಂದಿಗೂ ಪ್ರಸಿದ್ಧ. ಅವರ ಮಾತುಗಳಲ್ಲಿ ಹೆಚ್ಚಿನವು ಹೀಗೆ ಶಿಷ್ಯರು, ಸಹೋದ್ಯೋಗಿಗಳು ನೆನಪಿಟ್ಟುಕೊಂಡು ಹೇಳಿದವು. ಬಾಯಿಂದ ಬಾಯಿಗೆ ಸಾಗುವಾಗ ಒಂದೆರಡು ಪದ ಬದಲಾಗಿರಲೂಬಹುದು. ಆದರೆ ಆ ಮಾತುಗಳ ಹಿಂದೆ ಒಂದಲ್ಲ ಒಂದು ಪ್ರಯೋಗವಿದೆ, ಬದುಕಿನ ಒಂದು ಅನುಭವವಿದೆ. ಅದನ್ನು ಅರಿತರೆ ಮಾತಿನ ತೂಕ ತಿಳಿಯುತ್ತದೆ.

ಎರಡನೆಯ ಸಲದ ಗೆಲುವು

ರುದರ್‌ಫೋರ್ಡ್ ಹುಟ್ಟಿದ್ದು 1871ರ ಆಗಸ್ಟ್ 30ರಂದು, ನ್ಯೂಜಿಲೆಂಡಿನ ನೆಲ್ಸನ್ ಪಟ್ಟಣದ ಸಮೀಪದ ಹಳ್ಳಿಯೊಂದರಲ್ಲಿ. ತಂದೆ ಜೇಮ್ಸ್ ಗಾಡಿಯ ಚಕ್ರ ಮಾಡುವ ಕಸುಬಿನವರು. ಮುಂದೆ ನಾರು ಬಿಡಿಸುವ ಗಿರಣಿ ನಡೆಸಿದರು. ತಾಯಿ ಮಾರ್ತಾ ಮದುವೆಗೆ ಮುಂಚೆ ಶಾಲಾ ಶಿಕ್ಷಕಿಯಾಗಿದ್ದವರು. ಹನ್ನೆರಡು ಮಕ್ಕಳ ತುಂಬು ಸಂಸಾರದಲ್ಲಿ ಅರ್ನೆಸ್ಟ್ ನಾಲ್ಕನೆಯವನು. ಅಂಥ ಮನೆಯಲ್ಲಿ ಒಬ್ಬ ಮಗನನ್ನು ದೂರದ ಊರಿಗೆ ಓದಲು ಕಳಿಸಬೇಕೆಂದರೆ ವಿದ್ಯಾರ್ಥಿವೇತನ ಬರಲೇಬೇಕು.

ವಿದ್ಯಾರ್ಥಿವೇತನ ಬಂತು. ಆದರೆ ಮೊದಲ ಸಲಕ್ಕಲ್ಲ. ನೆಲ್ಸನ್ ಕಾಲೇಜಿಗೆ ಸೇರಲು ಬೇಕಾದ ವೇತನವನ್ನು ಹುಡುಗ ಗಳಿಸಿದ್ದು ಎರಡನೆಯ ಪ್ರಯತ್ನದಲ್ಲಿ, 600ಕ್ಕೆ 580 ಅಂಕ ಪಡೆದು. ಅಲ್ಲಿಂದ ಕ್ರೈಸ್ಟ್‌ಚರ್ಚ್‌ನ ಕ್ಯಾಂಟರ್‌ಬರಿ ಕಾಲೇಜಿಗೆ ಹೋಗಲು ಬರೆದ ಪರೀಕ್ಷೆಯಲ್ಲೂ ಹಾಗೆಯೇ, ಗೆದ್ದದ್ದು ಎರಡನೆಯ ಸಲ. ಪದವಿ ಮುಗಿದ ಮೇಲೆ ಶಾಲಾ ಮಾಸ್ತರರ ಕೆಲಸಕ್ಕೆ ಯತ್ನಿಸಿದರೆ ಕಾಯಂ ಹುದ್ದೆ ಸಿಗಲಿಲ್ಲ. 1895ರಲ್ಲಿ ಇಂಗ್ಲೆಂಡಿನಲ್ಲಿ ಸಂಶೋಧನೆ ಮಾಡಲು ಒಂದು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದರು. ಅದು ಮೊದಲು ಆಕ್ಲೆಂಡಿನ ರಸಾಯನವಿಜ್ಞಾನಿಯೊಬ್ಬರ ಪಾಲಾಯಿತು. ಅವರು ಒಲ್ಲೆನೆಂದಾಗ ರುದರ್‌ಫೋರ್ಡ್‌ಗೆ ಬಂತು.

ಆ ಸುದ್ದಿ ತಲುಪಿದಾಗ ಅವರು ಮನೆಯ ತೋಟದಲ್ಲಿ ಆಲೂಗಡ್ಡೆ ಅಗೆಯುತ್ತಿದ್ದರಂತೆ. ಕೈಯಲ್ಲಿದ್ದುದನ್ನು ಅತ್ತ ಎಸೆದು, “ನಾನು ಅಗೆಯುವ ಕೊನೆಯ ಆಲೂಗಡ್ಡೆ ಇದು!” ಎಂದರಂತೆ. ಕಥೆ ಚೆನ್ನಾಗಿದೆ. ಆದರೆ ಅದರ ಹಿಂದಿನ ಸಂಗತಿ ಇನ್ನೂ ಚೆನ್ನಾಗಿದೆ. ಒಂದು ಪರೀಕ್ಷೆಯಲ್ಲಿ ಹಿಂದೆ ಬಿದ್ದ ಹುಡುಗನನ್ನು ಅಲ್ಲಿಗೇ ಅಳೆದು ಮುಗಿಸಿದ್ದರೆ, ಪರಮಾಣುವಿನ ಕತೆಯನ್ನು ಬೇರೆ ಯಾರೋ ಬೇರೆ ಯಾವಾಗಲೋ ಬರೆಯಬೇಕಾಗುತ್ತಿತ್ತು.

ಕ್ಯಾಂಟರ್‌ಬರಿ ಕಾಲೇಜಿನಲ್ಲಿ ರುದರ್‌ಫೋರ್ಡ್ ಪ್ರಯೋಗ ಮಾಡಿದ್ದು ತಣ್ಣಗೆ ಕೊರೆಯುವ ನೆಲಮಾಳಿಗೆಯ ಒಂದು ಮೂಲೆಯಲ್ಲಿ. ರೇಡಿಯೋ ಅಲೆಗಳನ್ನು ಪತ್ತೆಹಚ್ಚುವ ಒಂದು ಸಾಧನವನ್ನು ಅಲ್ಲೇ ತಯಾರಿಸಿದರು. ಅದನ್ನು ಹೊತ್ತುಕೊಂಡೇ ಕೇಂಬ್ರಿಜ್‌ಗೆ, ಜೆ.ಜೆ. ಥಾಮ್ಸನ್ ಅವರ ಕ್ಯಾವೆಂಡಿಷ್ ಪ್ರಯೋಗಾಲಯಕ್ಕೆ ಬಂದರು. ಹಣಕ್ಕಿಂತ ಯೋಚನೆ ಮುಖ್ಯ ಎಂಬ ಪಾಠವನ್ನು ಅವರು ಪುಸ್ತಕದಲ್ಲಿ ಓದಿರಲಿಲ್ಲ, ಮನೆಯಲ್ಲಿ ಮತ್ತು ಆ ನೆಲಮಾಳಿಗೆಯಲ್ಲಿ ಕಲಿತಿದ್ದರು.

‘ತಲೆ ಹಾರಿಸಿಯಾರು!’

1898ರಲ್ಲಿ, ಇನ್ನೂ ಇಪ್ಪತ್ತೇಳರ ಹರೆಯದಲ್ಲಿ, ರುದರ್‌ಫೋರ್ಡ್ ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಅಲ್ಲಿ ರಸಾಯನವಿಜ್ಞಾನಿ ಫ್ರೆಡರಿಕ್ ಸಾಡಿ ಅವರ ಜೊತೆಗೂಡಿ ಥೋರಿಯಂ ಎಂಬ ವಿಕಿರಣಶೀಲ ಧಾತುವನ್ನು ಪರೀಕ್ಷಿಸತೊಡಗಿದರು. ಥೋರಿಯಂನಿಂದ ಹೊಮ್ಮುತ್ತಿದ್ದ ಅನಿಲ ಥೋರಿಯಂ ಆಗಿರಲಿಲ್ಲ, ಬೇರೆಯೇ ಧಾತುವಾಗಿತ್ತು! ಒಂದು ಧಾತು ತಾನಾಗಿಯೇ ಇನ್ನೊಂದಾಗುತ್ತಿತ್ತು.

ಪರಮಾಣು ಒಡೆಯಲಾರದ್ದು, ಧಾತು ಎಂದೂ ಬದಲಾಗದು ಎಂದು ನಂಬಿದ್ದ ಕಾಲ ಅದು. ಸೀಸವನ್ನು ಚಿನ್ನ ಮಾಡುತ್ತೇವೆ ಎನ್ನುತ್ತಿದ್ದ ಹಳೆಯ ರಸವಾದಿಗಳ ಮಾತು ನಗೆಪಾಟಲಾಗಿ ಹೋಗಿತ್ತು. ಇದು ಧಾತು ಪರಿವರ್ತನೆಯೇ ಎಂದು ಸಾಡಿ ಉದ್ಗರಿಸಿದಾಗ ರುದರ್‌ಫೋರ್ಡ್ ಗಾಬರಿಯಾಗಿ, ಆ ಹೆಸರು ಮಾತ್ರ ಹೇಳಬೇಡ ಮಾರಾಯ, ರಸವಾದಿಗಳೆಂದು ನಮ್ಮ ತಲೆ ಹಾರಿಸಿಯಾರು ಎಂಬರ್ಥದಲ್ಲಿ ಹೇಳಿದರಂತೆ. ಸಾಡಿ ಮುಂದೆ ಇದನ್ನು ನೆನಪಿಸಿಕೊಂಡಿದ್ದಾರೆ.

ಇದು ಹೆದರಿಕೆಯ ಮಾತಲ್ಲ, ಎಚ್ಚರದ ಮಾತು. ದೊಡ್ಡ ಹೆಸರನ್ನು ಮೊದಲು ಕೂಗಿ ಪುರಾವೆಯನ್ನು ಆಮೇಲೆ ಹುಡುಕುವ ಜಾಯಮಾನ ಅವರದಲ್ಲ. ಅಳತೆಯ ಮೇಲೆ ಅಳತೆ ಮಾಡಿ, ಯಾವ ಪದಾರ್ಥ ಎಷ್ಟು ಹೊತ್ತಿನಲ್ಲಿ ಅರ್ಧಕ್ಕಿಳಿಯುತ್ತದೆ ಎಂದು ಲೆಕ್ಕವಿಟ್ಟು, 1902–03ರಲ್ಲಿ ಇಬ್ಬರೂ ತಮ್ಮ ಸಿದ್ಧಾಂತವನ್ನು ಪ್ರಕಟಿಸಿದರು. ಯಾರ ತಲೆಯೂ ಹಾರಲಿಲ್ಲ. ಬದಲಿಗೆ 1908ರಲ್ಲಿ ನೊಬೆಲ್ ಬಹುಮಾನವೇ ಬಂತು.

ಅದರಲ್ಲೂ ಒಂದು ತಮಾಷೆ. ಭೌತವಿಜ್ಞಾನದ ಮುಂದೆ ಉಳಿದ ವಿಜ್ಞಾನವೆಲ್ಲ ಬರೀ ಅಂಚೆಚೀಟಿ ಸಂಗ್ರಹ ಎಂದು ರುದರ್‌ಫೋರ್ಡ್ ಹೇಳುತ್ತಿದ್ದರೆಂದು ಪ್ರತೀತಿ. ಅಂಥವರಿಗೆ ಬಂದ ನೊಬೆಲ್ ಭೌತವಿಜ್ಞಾನಕ್ಕಲ್ಲ, ರಸಾಯನವಿಜ್ಞಾನಕ್ಕೆ! ತಾವು ಕಂಡ ಪರಿವರ್ತನೆಗಳಲ್ಲೆಲ್ಲ ಅತಿ ವೇಗದ್ದೆಂದರೆ ಭೌತವಿಜ್ಞಾನಿಯಾಗಿದ್ದ ತಾವೇ ದಿಢೀರನೆ ರಸಾಯನವಿಜ್ಞಾನಿಯಾದದ್ದು ಎಂದು ಅವರು ನಗೆಯಾಡಿದರು. ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುವಷ್ಟು ದೊಡ್ಡತನ ಅವರಲ್ಲಿತ್ತು.

ಹುಡುಗನಿಗೊಂದು ಪ್ರಶ್ನೆ

1907ರಲ್ಲಿ ರುದರ್‌ಫೋರ್ಡ್ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಲಿ ಅವರ ಬಲಗೈಯಾಗಿದ್ದವರು ಹಾನ್ಸ್ ಗೈಗರ್. ವಿಕಿರಣಶೀಲ ವಸ್ತುಗಳಿಂದ ಚಿಮ್ಮುವ ಆಲ್ಫಾ ಕಣಗಳನ್ನು ತೆಳುವಾದ ಲೋಹದ ಹಾಳೆಯ ಮೂಲಕ ಹಾಯಿಸಿ, ಅವು ಎಷ್ಟು ವಾಲುತ್ತವೆ ಎಂದು ನೋಡುವುದು ಆಗಿನ ಕೆಲಸ. ಆಲ್ಫಾ ಕಣ ಸತುವಿನ ಸಲ್ಫೈಡ್ ಬಳಿದ ಪರದೆಗೆ ತಾಗಿದಾಗ ಅಲ್ಲೊಂದು ಸಣ್ಣ ಮಿಣುಕು. ಕತ್ತಲ ಕೋಣೆಯಲ್ಲಿ ಕಣ್ಣು ಹೊಂದಿಕೊಳ್ಳುವವರೆಗೆ ಕಾದು ಕುಳಿತು, ಸೂಕ್ಷ್ಮದರ್ಶಕದಲ್ಲಿ ಆ ಮಿಣುಕುಗಳನ್ನು ಒಂದೊಂದಾಗಿ ಎಣಿಸಬೇಕು. ಗೈಗರ್‌ಗೆ ಈ ಎಣಿಕೆ ನೀರು ಕುಡಿದಷ್ಟು ಸುಲಭ. ರುದರ್‌ಫೋರ್ಡ್ ಮಾತ್ರ ಎರಡೇ ನಿಮಿಷಕ್ಕೆ ಬೈದುಕೊಂಡು ಎದ್ದುಬಿಟ್ಟೆ ಎಂದು ತಾವೇ ಪತ್ರವೊಂದರಲ್ಲಿ ಒಪ್ಪಿಕೊಂಡಿದ್ದಾರೆ.

1909ರ ಒಂದು ದಿನ ಗೈಗರ್ ಬಂದು, ಅರ್ನೆಸ್ಟ್ ಮಾರ್ಸ್‌ಡೆನ್ ಎಂಬ ವಿದ್ಯಾರ್ಥಿಗೆ ಏನಾದರೂ ಸಣ್ಣ ಸಂಶೋಧನೆ ಕೊಡೋಣವೇ ಎಂದು ಕೇಳಿದರು. ಮಾರ್ಸ್‌ಡೆನ್‌ಗೆ ಆಗ ಇಪ್ಪತ್ತು ವರ್ಷ, ಇನ್ನೂ ಪದವಿ ಮುಗಿದಿರಲಿಲ್ಲ. ಆಲ್ಫಾ ಕಣ ಏನಾದರೂ ತುಂಬ ದೊಡ್ಡ ಕೋನದಲ್ಲಿ ತಿರುಗುತ್ತದೆಯೇ, ನೋಡಲಿ ಎಂದರು ರುದರ್‌ಫೋರ್ಡ್. ಹಾಗಾಗುತ್ತದೆಂಬ ನಂಬಿಕೆ ಅವರಿಗೇ ಇರಲಿಲ್ಲ. ಆದರೂ, ಆಗುವುದಿಲ್ಲ ಎಂದು ನಾವು ಅಂದುಕೊಳ್ಳುವುದು ಬೇರೆ, ಆಗುವುದಿಲ್ಲ ಎಂದು ಪ್ರಕೃತಿ ಹೇಳುವುದು ಬೇರೆ. ಕೇಳಿಯೇ ಬಿಡೋಣ!

ಕೇಳಿದ್ದಕ್ಕೆ ಬಂದ ಉತ್ತರ ಭೌತವಿಜ್ಞಾನವನ್ನೇ ಬುಡಮೇಲು ಮಾಡಿತು. ಸುಮಾರು 8000 ಕಣಗಳಲ್ಲಿ ಒಂದು ಹಿಂದಕ್ಕೆ ಪುಟಿದು ಬರುತ್ತಿತ್ತು. ರುದರ್‌ಫೋರ್ಡ್‌ಗೆ ಜೀವಮಾನದಲ್ಲೇ ಅಂಥ ಬೆರಗಾಗಿರಲಿಲ್ಲ. ತೆಳ್ಳನೆಯ ಕಾಗದಕ್ಕೆ ಹೊಡೆದ ಭಾರಿ ಫಿರಂಗಿ ಗುಂಡು ತಿರುಗಿ ಬಂದು ಹೊಡೆದವನಿಗೇ ಬಡಿದಂತೆ ಎಂದು ಅವರು ಮುಂದೆ ಇದನ್ನು ಬಣ್ಣಿಸಿದರು. ಫಿರಂಗಿ ಗುಂಡು ವಾಪಸು ಬಂದಿದೆಯೆಂದರೆ ಆ ಕಾಗದದಲ್ಲಿ ಎಲ್ಲೋ ಏನೋ ಗಟ್ಟಿಯಾದದ್ದು ಅಡಗಿರಲೇಬೇಕಲ್ಲ?

ಅಡಗಿದ್ದದ್ದು ಪರಮಾಣುವಿನ ಬೀಜಕೇಂದ್ರ, ಅಂದರೆ ನ್ಯೂಕ್ಲಿಯಸ್. ಪರಮಾಣುವಿನ ತೂಕವೆಲ್ಲ ಹೆಚ್ಚುಕಡಿಮೆ ಆ ಒಂದು ಚುಕ್ಕೆಯಲ್ಲಿ. ಉಳಿದದ್ದೆಲ್ಲ ಬಹುಪಾಲು ಬಯಲು. ಚಿನ್ನದ ಪರಮಾಣುವನ್ನು ನೂರು ಮೀಟರ್ ಅಗಲದ ಆಟದ ಮೈದಾನದಷ್ಟು ಹಿಗ್ಗಿಸಿದರೆ, ಅದರ ನಟ್ಟನಡುವೆ ಇಟ್ಟ ಒಂದು ಕಾಳುಮೆಣಸಿನಷ್ಟು ಅದರ ನ್ಯೂಕ್ಲಿಯಸ್! ಈ ಬಾಗಿಲನ್ನು ತಟ್ಟಿದ್ದು ಒಬ್ಬ ಪದವಿ ವಿದ್ಯಾರ್ಥಿಯ ಕೈ. ಇಷ್ಟು ಚಿಕ್ಕ ಹುಡುಗನಿಗೆ ಇದೆಲ್ಲ ಏಕೆ ಎಂದು ರುದರ್‌ಫೋರ್ಡ್ ಅನ್ನಲಿಲ್ಲ. ಮಾರ್ಸ್‌ಡೆನ್ ಮುಂದೆ ನ್ಯೂಜಿಲೆಂಡಿನಲ್ಲಿ ಪ್ರಾಧ್ಯಾಪಕರಾದರು.

ಯೋಚಿಸುವುದು ಯಾವಾಗ?

ಒಂದು ವಿಷಯ ಗಮನಿಸಬೇಕು. ಪ್ರಯೋಗ ನಡೆದದ್ದು 1909ರಲ್ಲಿ. ಪರಮಾಣು ಹೇಗಿರುತ್ತದೆಂದು ಈಗ ನನಗೆ ಗೊತ್ತು ಎಂದು ರುದರ್‌ಫೋರ್ಡ್ ಹಿಗ್ಗಿನಿಂದ ಗೈಗರ್ ಬಳಿ ಬಂದು ಹೇಳಿದ್ದು 1911ರ ಹೊತ್ತಿಗೆ. ನಡುವಿನ ಕಾಲವೆಲ್ಲ ಏನು? ಯೋಚನೆ! ಲೆಕ್ಕಕ್ಕೆ ಸಂಭವನೀಯತೆಯ ಗಣಿತ ಬೇಕಾದಾಗ, ಆಗಲೇ ನೊಬೆಲ್ ಪಡೆದಿದ್ದ ಈ ಪ್ರಾಧ್ಯಾಪಕರು ತಮ್ಮದೇ ವಿಶ್ವವಿದ್ಯಾಲಯದ ಗಣಿತಜ್ಞ ಹೊರೇಸ್ ಲ್ಯಾಂಬ್ ಅವರ ತರಗತಿಯಲ್ಲಿ ವಿದ್ಯಾರ್ಥಿಯಂತೆ ಕುಳಿತು ಟಿಪ್ಪಣಿ ಬರೆದುಕೊಂಡರು.

1919ರಲ್ಲಿ ಅವರು ತಮ್ಮ ಗುರು ಥಾಮ್ಸನ್ ಅವರ ಸ್ಥಾನದಲ್ಲಿ ಕ್ಯಾವೆಂಡಿಷ್ ಪ್ರಯೋಗಾಲಯದ ಮುಖ್ಯಸ್ಥರಾದರು. ಅಲ್ಲಿ ಸಂಜೆ ಆರು ಗಂಟೆಗೆ ಬಾಗಿಲು ಮುಚ್ಚುವುದು ಕಟ್ಟುನಿಟ್ಟು. ಮನೆಗೆ ಹೋಗಿ ಯೋಚನೆ ಮಾಡಿ ಎಂಬುದು ಅವರ ಆದೇಶ. ಒಬ್ಬ ವಿದ್ಯಾರ್ಥಿ ರಾತ್ರಿಯಾದರೂ ಪ್ರಯೋಗ ನಡೆಸುತ್ತಿದ್ದುದನ್ನು ಕಂಡು ಅವರು ವಿಚಾರಿಸಿದ ಕಥೆಯೊಂದಿದೆ.

“ಬೆಳಗ್ಗೆಯೂ ಕೆಲಸ ಮಾಡುತ್ತೀಯಾ?”

“ಹೌದು, ಸರ್.”

“ಮಧ್ಯಾಹ್ನ?”

“ಮಾಡುತ್ತೇನೆ, ಸರ್.”

ಶಾಬಾಸ್ ಎನ್ನುತ್ತಾರೆಂದು ಹುಡುಗ ಕಾಯುತ್ತಿದ್ದ. ರುದರ್‌ಫೋರ್ಡ್ ಕೇಳಿದ್ದು ಬೇರೆ: “ಹಾಗಾದರೆ ನೀನು ಯೋಚಿಸುವುದು ಯಾವಾಗ?”

ಬೆಳಗಾಗುವ ಮೊದಲೇ ಟ್ಯೂಷನ್, ಹಗಲೆಲ್ಲ ಕಾಲೇಜು, ಸಂಜೆ ಮತ್ತೆ ಕೋಚಿಂಗ್, ರಾತ್ರಿ ಹೋಂವರ್ಕ್ ಎಂದು ಮಕ್ಕಳ ದಿನವನ್ನು ತುಂಬಿಸುವ ತಂದೆ ತಾಯಿಯರು ಈ ಪ್ರಶ್ನೆಯನ್ನು ಒಮ್ಮೆ ತಮಗೇ ಹಾಕಿಕೊಳ್ಳಬಹುದು. ಓದಿದ್ದು ಒಳಗಿಳಿಯಲು ಬಿಡುವು ಬೇಕು. ಸುಮ್ಮನೆ ಕೂತಂತೆ ಕಾಣುವ ಮಗು ಯಾವಾಗಲೂ ಸುಮ್ಮನೆ ಕೂತಿರುವುದಿಲ್ಲ.

ಅರಗು, ದಾರ ಮತ್ತು ಅಂಟುಮಣ್ಣು

ಅರಗು ಮತ್ತು ದಾರದಿಂದ ವಿಜ್ಞಾನ ಕಟ್ಟಿದ ಜಾಗ ಎಂದು ಕ್ಯಾವೆಂಡಿಷ್‌ಗೆ ಹೆಸರು. 1919ರಲ್ಲಿ ರುದರ್‌ಫೋರ್ಡ್ ಪ್ರಕಟಿಸಿದ ಇನ್ನೊಂದು ಮಹತ್ವದ ಪ್ರಯೋಗದ ಮುಖ್ಯ ಉಪಕರಣ ಒಂದು ಗೇಣುದ್ದದ ಹಿತ್ತಾಳೆಯ ಪೆಟ್ಟಿಗೆ. ಅದರೊಳಗೆ ಸಾರಜನಕಕ್ಕೆ ಆಲ್ಫಾ ಕಣ ಬಡಿದಾಗ ಜಲಜನಕದ ನ್ಯೂಕ್ಲಿಯಸ್ ಹೊರಬಿತ್ತು. ಅದಕ್ಕೆ ಪ್ರೋಟಾನ್ ಎಂಬ ಹೆಸರು ಬಂತು. ಮನುಷ್ಯ ತನ್ನ ಕೈಯಾರೆ ಒಂದು ಧಾತುವನ್ನು ಇನ್ನೊಂದಾಗಿಸಿದ ಮೊದಲ ಸಂದರ್ಭ ಅದು. ವಿದ್ಯುದಾವೇಶವಿಲ್ಲದ ಇನ್ನೊಂದು ಕಣವೂ ಇರಬೇಕೆಂದು 1920ರಲ್ಲಿ ಅವರು ಹೇಳಿದರು. ಶಿಷ್ಯ ಜೇಮ್ಸ್ ಚಾಡ್ವಿಕ್ ಹಿಡಿದ ಹಟ ಬಿಡದೆ ಹುಡುಕಿ 1932ರಲ್ಲಿ ನ್ಯೂಟ್ರಾನನ್ನು ಕಂಡರು. ಅವರ ಉಪಕರಣದಲ್ಲಿ ಮುಖ್ಯ ಪಾತ್ರ ಮೇಣದ್ದು!

ಹಾಗೆಂದು ಬಡತನವೇ ಒಳ್ಳೆಯದು, ಉಪಕರಣ ಬೇಡವೇ ಬೇಡ ಎಂಬುದು ರುದರ್‌ಫೋರ್ಡ್ ಅವರ ಮಾತಿನ ಅರ್ಥವಲ್ಲ. ಪ್ರಶ್ನೆ ಬೆಳೆದಂತೆ ಸಾಧನವೂ ಬೆಳೆಯಬೇಕು. ಆಲ್ಫಾ ಕಣಗಳ ಬಲ ಸಾಲದು, ಭಾರಿ ವೋಲ್ಟೇಜಿನ ಯಂತ್ರ ಬೇಕು ಎಂದು 1927ರಲ್ಲಿ ರಾಯಲ್ ಸೊಸೈಟಿಯ ಅಧ್ಯಕ್ಷಪೀಠದಿಂದ ಹೇಳಿದವರೂ ಅವರೇ. ಶಿಷ್ಯರಾದ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ ಅಂಥ ಯಂತ್ರ ಕಟ್ಟಿದರು. ಗಾಳಿ ಸೋರುವ ಸಂದುಗಳಿಗೆ ಮಕ್ಕಳು ಆಟಕ್ಕೆ ಬಳಸುವ ಅಂಟುಮಣ್ಣನ್ನೇ ಮೆತ್ತಿದರು. 1932ರ ಏಪ್ರಿಲ್ 14ರಂದು ಲಿಥಿಯಂ ಪರಮಾಣು ಒಡೆಯಿತು. ಸುದ್ದಿ ಕೇಳಿ ಬಂದ ರುದರ್‌ಫೋರ್ಡ್ ತಮ್ಮ ದೊಡ್ಡ ಮೈಯನ್ನು ವೀಕ್ಷಣೆಯ ಪುಟ್ಟ ಗೂಡಿನೊಳಗೆ ತೂರಿಸಿಕೊಂಡು ಮಿಣುಕುಗಳನ್ನು ನೋಡಿದರು. ಇವು ಆಲ್ಫಾ ಕಣಗಳೇ, ಅವು ಹುಟ್ಟಿದಾಗ ಬಳಿಯಲ್ಲಿದ್ದವನಿಗೆ ಗುರುತು ಸಿಗದೇ ಎಂಬಂತೆ ಮಾತಾಡಿದರು.

ಗುರಿ ತಪ್ಪಿದ ಮಾತು

ಇಷ್ಟೆಲ್ಲ ಕಂಡ ಕಣ್ಣಿಗೂ ಒಂದು ಸಂಗತಿ ಕಾಣಲಿಲ್ಲ. 1933ರ ಸೆಪ್ಟೆಂಬರ್ 11ರಂದು ಲೆಸ್ಟರ್ ನಗರದ ವಿಜ್ಞಾನ ಸಮ್ಮೇಳನದಲ್ಲಿ ಮಾತನಾಡುತ್ತ ರುದರ್‌ಫೋರ್ಡ್, ಪರಮಾಣುವನ್ನು ಒಡೆದು ಶಕ್ತಿ ಪಡೆಯುತ್ತೇವೆ ಎನ್ನುವವರದು ಬರೀ ಗಾಳಿಗೋಪುರ ಎಂದುಬಿಟ್ಟರು. ಮರುದಿನ ಪತ್ರಿಕೆಯಲ್ಲಿ ಇದನ್ನು ಓದಿದ ಲಿಯೋ ಸಿಲಾರ್ಡ್ ಎಂಬ ಹಂಗೇರಿಯ ತರುಣ ವಿಜ್ಞಾನಿಗೆ ಅದೇಕೋ ಒಪ್ಪಿಗೆಯಾಗಲಿಲ್ಲ. ಲಂಡನ್ನಿನ ಬೀದಿ ದಾಟುವಾಗಲೂ ಅದೇ ಚಿಂತೆ. ಒಂದು ನ್ಯೂಟ್ರಾನ್ ನ್ಯೂಕ್ಲಿಯಸ್ಸನ್ನು ಒಡೆದಾಗ ಎರಡು ನ್ಯೂಟ್ರಾನ್ ಹೊರಬಂದರೆ? ಆ ಎರಡು ನಾಲ್ಕಾದರೆ? ಸರಣಿ ಕ್ರಿಯೆಯ ಕಲ್ಪನೆ ಹುಟ್ಟಿದ್ದು ಹೀಗೆ. 1938ರ ಕೊನೆಗೆ ಜರ್ಮನಿಯಲ್ಲಿ ಯುರೇನಿಯಂ ವಿದಳನ ಪತ್ತೆಯಾಯಿತು. 1942ರ ಡಿಸೆಂಬರ್ 2ರಂದು ಶಿಕಾಗೋದಲ್ಲಿ ಮೊದಲ ಪರಮಾಣು ರಿಯಾಕ್ಟರ್ ನಡೆಯಿತು. ಅಷ್ಟರಲ್ಲಿ ರುದರ್‌ಫೋರ್ಡ್ ತೀರಿಕೊಂಡು ಐದು ವರ್ಷವಾಗಿತ್ತು.

ಅವರು ಆಡಿದ್ದು ಪೂರ್ತಿ ಸುಳ್ಳೂ ಅಲ್ಲ. ಆಗ ಗೊತ್ತಿದ್ದ ವಿಧಾನಗಳಲ್ಲಿ ಹಾಕಿದ ಶಕ್ತಿಗಿಂತ ಮರಳಿ ಬರುವುದು ಕಡಿಮೆಯೇ ಇತ್ತು. ಆದರೆ ಇಂದು ಗೊತ್ತಿಲ್ಲ ಎಂಬುದಕ್ಕೂ ಎಂದೂ ಆಗದು ಎಂಬುದಕ್ಕೂ ಬಹಳ ಅಂತರವಿದೆ. 1909ರಲ್ಲಿ ಆಗದೆಂದು ತಮಗೆ ಅನಿಸಿದ್ದನ್ನೂ ಪ್ರಕೃತಿಯ ಮುಂದಿಟ್ಟು ಕೇಳಿದ್ದರು, ಉತ್ತರ ಸಿಕ್ಕಿತು. 1933ರಲ್ಲಿ ಪ್ರಕೃತಿಯ ಪರವಾಗಿ ತಾವೇ ಉತ್ತರ ಹೇಳಿಬಿಟ್ಟರು; ಗುರಿ ತಪ್ಪಿತು. ದೊಡ್ಡವರ ಮಾತನ್ನು ಗೌರವಿಸಬೇಕು, ಆದರೆ ಪರೀಕ್ಷಿಸದೆ ನಂಬಬೇಕಿಲ್ಲ. ಈ ಪಾಠ ಸ್ವತಃ ರುದರ್‌ಫೋರ್ಡ್ ಅವರದೇ. ಸಿಲಾರ್ಡ್ ಅದನ್ನು ಪಾಲಿಸಿದರು, ಅಷ್ಟೆ.

ಗೆಲುವಿನಲ್ಲಿ ಎಲ್ಲರ ಪಾಲು

ರುದರ್‌ಫೋರ್ಡ್ ಅವರ ಕೈಕೆಳಗೆ ದುಡಿದವರಲ್ಲಿ ಸಾಡಿ, ನೀಲ್ಸ್ ಬೋರ್, ಚಾಡ್ವಿಕ್, ಆಟೋ ಹಾನ್, ಬ್ಲ್ಯಾಕೆಟ್, ಕಾಕ್‌ಕ್ರಾಫ್ಟ್, ವಾಲ್ಟನ್, ಕಪಿಟ್ಜಾ ಮುಂದೆ ನೊಬೆಲ್ ಪಡೆದರು. ಕೆನಡಾದಲ್ಲಿ ಅವರ ಮೊದಲ ಸ್ನಾತಕೋತ್ತರ ವಿದ್ಯಾರ್ಥಿ ಹ್ಯಾರಿಯೆಟ್ ಬ್ರೂಕ್ಸ್ ಎಂಬ ತರುಣಿ. ಕೇಂಬ್ರಿಜ್ ವಿಶ್ವವಿದ್ಯಾಲಯ ಹೆಣ್ಣುಮಕ್ಕಳಿಗೆ ಪೂರ್ಣ ಸದಸ್ಯತ್ವ ಕೊಡದಿದ್ದ ಕಾಲದಲ್ಲಿ, 1920ರಲ್ಲಿ, ಅವರಿಗೆ ಅದು ಸಲ್ಲಬೇಕೆಂದು ಪತ್ರಿಕೆಗೆ ಬಹಿರಂಗವಾಗಿ ಬರೆದವರಲ್ಲಿ ರುದರ್‌ಫೋರ್ಡ್ ಒಬ್ಬರು. ಹಿಟ್ಲರನ ಕಾಟಕ್ಕೆ ದೇಶ ಬಿಟ್ಟ ವಿದ್ವಾಂಸರಿಗೆ ನೆರವಾಗಲು 1933ರಲ್ಲಿ ಸ್ಥಾಪನೆಯಾದ ಮಂಡಳಿಗೆ ಅವರೇ ಅಧ್ಯಕ್ಷರು.

ಸಿ.ವಿ. ರಾಮನ್ ಅವರ ಹೆಸರನ್ನು 1930ರ ನೊಬೆಲ್ ಬಹುಮಾನಕ್ಕೆ ಸೂಚಿಸಿದವರಲ್ಲೂ ರುದರ್‌ಫೋರ್ಡ್ ಇದ್ದರು. ಕಲ್ಕತ್ತೆಯಲ್ಲಿ ರಾಮನ್ ಮತ್ತು ಅವರ ಶಿಷ್ಯರು ಬಿಸಿಲು, ಬಣ್ಣದ ಗಾಜು ಹಾಗೂ ಬರಿಗಣ್ಣಿನಿಂದ ಆರಂಭಿಸಿ 1928ರಲ್ಲಿ ಮುಟ್ಟಿದ ಗುರಿಯ ಬೆಲೆ, ಹಿತ್ತಾಳೆಯ ಪೆಟ್ಟಿಗೆಯಲ್ಲಿ ಪ್ರೋಟಾನ್ ಕಂಡವರಿಗೆ ತಿಳಿಯದೇ ಇದ್ದೀತೇ? ಅದೇ ರಾಮನ್ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. 1938ರ ಜನವರಿಯಲ್ಲಿ ಕಲ್ಕತ್ತೆಯಲ್ಲಿ ಸೇರಲಿದ್ದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ರಜತೋತ್ಸವಕ್ಕೆ ರುದರ್‌ಫೋರ್ಡ್ ಅವರೇ ಅಧ್ಯಕ್ಷರೆಂದು ಗೊತ್ತಾಗಿತ್ತು. ಆದರೆ 1937ರ ಅಕ್ಟೋಬರ್ 19ರಂದು, ಹರ್ನಿಯಾ ತೊಂದರೆಯ ಶಸ್ತ್ರಚಿಕಿತ್ಸೆಯ ಬಳಿಕ ಅವರು ತೀರಿಕೊಂಡರು. ಆ ಪೀಠದಲ್ಲಿ ಸರ್ ಜೇಮ್ಸ್ ಜೀನ್ಸ್ ಕುಳಿತರು. ರುದರ್‌ಫೋರ್ಡ್ ಅವರ ಚಿತಾಭಸ್ಮ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ, ನ್ಯೂಟನ್ ಸಮಾಧಿಯ ಸಮೀಪವೇ ಇದೆ.

ಅವರ ಮಾತುಗಳಲ್ಲಿ ಚಿಕ್ಕದೊಂದು ಪ್ರಯೋಗಾಲಯದ್ದಲ್ಲ. 1931ರಲ್ಲಿ ಬ್ರಿಟನ್ ಅವರಿಗೆ ಲಾರ್ಡ್ ಪದವಿ ಕೊಟ್ಟಿತು. ಅದಕ್ಕೆ ಕೆಲವೇ ದಿನ ಮೊದಲು ಒಬ್ಬಳೇ ಮಗಳು ಐಲೀನ್ ತೀರಿಕೊಂಡಿದ್ದಳು. ಆ ದುಃಖದ ನಡುವೆ ಅವರು ನ್ಯೂಜಿಲೆಂಡಿನಲ್ಲಿದ್ದ ವೃದ್ಧ ತಾಯಿಗೆ ತಂತಿ ಕಳಿಸಿದರು. ತಾನೀಗ ಲಾರ್ಡ್ ರುದರ್‌ಫೋರ್ಡ್, ಆದರೆ ಈ ಗೌರವ ತನ್ನದಕ್ಕಿಂತ ಹೆಚ್ಚಾಗಿ ನಿನ್ನದು ಎಂಬುದು ಅದರ ತಾತ್ಪರ್ಯ. ಹನ್ನೆರಡು ಮಕ್ಕಳ ಮನೆಯಲ್ಲಿ, ಒಂದು ಪರೀಕ್ಷೆ ಸೋತ ಹುಡುಗನನ್ನು ಮತ್ತೊಮ್ಮೆ ಕೂರಲು ಬಿಟ್ಟ ತಾಯಿಗೆ ಆ ಮಾತು ಸಲ್ಲತಕ್ಕದ್ದೇ ಆಗಿತ್ತು.